ಬೇಸಿಗೆಯಲ್ಲಿ ಬಳ್ಳಿ ಬೀನ್ಸ್ ಹೂವೆಲ್ಲ ಉದುರುತ್ತಿದೆ, ಏನು ಮಾಡಲಿ?

ಬೆಂಗಳೂರಲ್ಲಿ ತಾರಸಿ ಮೇಲೆ ಫೆಬ್ರವರಿಯಲ್ಲಿ ಬಳ್ಳಿ ಬೀನ್ಸ್ ಹಾಕಿದ್ದೀರಿ. ಏಪ್ರಿಲ್ ಬಂತು, ಹೂವು ತುಂಬಾ ಇದೆ, ಕಾಯಿ ಮಾತ್ರ ಕಚ್ಚುತ್ತಿಲ್ಲ. ಗೊಬ್ಬರ ಜಾಸ್ತಿ ಮಾಡಲಾ, ಇಲ್ಲಾ ಕಿತ್ತು ಬಿಸಾಕಲಾ ಅಂತ ಕೇಳಿದ್ದೀರಿ. ಎರಡೂ ಬೇಡ.

ಇದು ಸೆಕೆಯ ಕೆಲಸ. ಬೀನ್ಸ್‌ಗೆ ತಂಪು ಹವೆ ಬೇಕು. ಹಗಲು 32 ಡಿಗ್ರಿ ದಾಟಿ, ರಾತ್ರಿಯೂ ತಣ್ಣಗಾಗದಿದ್ದರೆ ಹೂವಿನ ಪರಾಗ ಕೆಡುತ್ತದೆ. ಅಲ್ಲೊಂದು ಇಲ್ಲೊಂದು ಕಾಯಿ ಬಿಟ್ಟಿದ್ದರೆ ಕಿತ್ತು ನೋಡಿ. ಕೊಕ್ಕೆಯ ಹಾಗೆ ಸೊಟ್ಟಗಿದ್ದು ಒಳಗೆ ಒಂದೋ ಎರಡೋ ಕಾಳು ಮಾತ್ರ ಇದ್ದರೆ, ಪರಾಗ ಅರ್ಧಂಬರ್ಧ ಕೂಡಿದೆ ಅಂತ ಲೆಕ್ಕ. ಪರಾಗ ಕೂಡಿಸಲು ಕೆಲವರು ಬ್ರಷ್ ಹಿಡಿದು ಹೂವಿಗೆ ತಾಗಿಸುತ್ತಾರೆ. ಸುಮ್ನೆ ಶ್ರಮ. ಬೀನ್ಸ್ ಹೂವು ಅರಳುವ ಹೊತ್ತಿಗೆ ಆ ಕೆಲಸ ತನ್ನೊಳಗೇ ಮುಗಿಸಿಕೊಂಡಿರುತ್ತದೆ. ಇನ್ನು ಈಗ ಯೂರಿಯಾನೋ ಹಿಂಡಿ ನೀರೋ ಸುರಿದರೆ ಎಲೆ ಸೊಂಪಾಗಿ ಬರುತ್ತದೆ, ಅಷ್ಟೇ.

ತಾರಸಿಯ ನಿಜವಾದ ತೊಂದರೆ ರಾತ್ರಿಯದ್ದು. ಹಗಲೆಲ್ಲ ಕಾದ ಸಿಮೆಂಟು ರಾತ್ರಿ ಬಿಸಿ ಬಿಡುತ್ತಲೇ ಇರುತ್ತದೆ. ಕುಂಡಗಳನ್ನು ಇಟ್ಟಿಗೆ ಮೇಲೆ ಎತ್ತಿಡಿ. ಕಪ್ಪು ಗ್ರೋ ಬ್ಯಾಗ್ ಆದರೆ ಸುತ್ತ ಗೋಣಿಚೀಲ ಕಟ್ಟಿ. ಮಣ್ಣಿನ ಮೇಲೆ ಮೂರು ಬೆರಳು ದಪ್ಪ ಒಣಗಿದ ಎಲೆ ಹೊದಿಸಿ. ನೆರಳಿಗೆ ಕಟ್ಟುವ ಹಸಿರು ಬಲೆಯನ್ನು (ಶೇಡ್ ನೆಟ್) ಪಶ್ಚಿಮದ ಕಡೆ ಮಾತ್ರ ಕಟ್ಟಿ, ಬೆಳಗಿನ ಬಿಸಿಲು ಬೀಳಲಿ. ಪೂರ್ತಿ ಮುಚ್ಚಿದರೆ ಬಳ್ಳಿ ಸಣಕಲಾಗಿ ಉದ್ದಕ್ಕೆ ಹೋಗುತ್ತದೆ.

ನೀರು ಬೆಳಿಗ್ಗೆ ಬೇಗ, ಬುಡ ಪೂರ್ತಿ ನೆನೆಯುವಷ್ಟು. ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿ ಬೇಡ, ಸಂಜೆಗೆ ತಾನೇ ನೆಟ್ಟಗಾಗುತ್ತದೆ. ಸಂಜೆಯೂ ಜೋತಿದ್ದರೆ ಮಣ್ಣಿಗೆ ಬೆರಳು ಹಾಕಿ ನೋಡಿ. ಒಣಗಿದ್ದರೆ ನೀರು ಕೊಡಿ. ಹಸಿ ಇದ್ದೂ ಜೋತಿದ್ದರೆ ಬೇರು ಕೊಳೆಯುತ್ತಿರಬಹುದು, ನೀರು ನಿಲ್ಲಿಸಿ.

ಎಲೆ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಂಡರೆ ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ. ಹಾಳೆ ಮೇಲೆ ಬಿದ್ದ ಧೂಳು ನಡೆದಾಡಿದರೆ ಅದು ನುಸಿ. ಒಣ ಸೆಕೆಯಲ್ಲಿ ಬಲು ಬೇಗ ಹಬ್ಬುತ್ತದೆ. ಎಲೆಯ ತಳಕ್ಕೆ ಜೋರಾಗಿ ನೀರು ಹಾಯಿಸಿ. ಜಗ್ಗದಿದ್ದರೆ ಬೇವಿನ ಎಣ್ಣೆಗೆ ಚೂರು ಸೋಪು ಕಲಸಿ ಬಿಸಿಲು ಇಳಿದ ಮೇಲೆ ಸಿಂಪಡಿಸಿ.

ಹೀಗೆ ಬಳ್ಳಿ ಉಳಿಸಿಕೊಂಡರೆ ಮೇ ತಿಂಗಳ ಮಳೆ ಬಿದ್ದು ರಾತ್ರಿ ತಂಪಾದಾಗ ಪಕ್ಕದ ಕುಡಿಗಳಲ್ಲಿ ಮತ್ತೆ ಹೂವು ಬರುತ್ತದೆ, ಆಗ ಕಾಯಿ ನಿಲ್ಲುತ್ತದೆ. ರಾಯಚೂರು, ಕಲಬುರಗಿ ಕಡೆಯವರು ಕೇಳಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ. ಅಲ್ಲಿ ಬೇಸಿಗೆ ಬೀನ್ಸ್ ಆಸೆ ಬಿಡುವುದೇ ಒಳ್ಳೆಯದು, ಅಲ್ವಾ?

ಬೇಸಿಗೆಯಲ್ಲೂ ಪಲ್ಯಕ್ಕೆ ಕಾಯಿ ಬೇಕೇ ಬೇಕು ಅಂದರೆ ಅದೇ ಚಪ್ಪರಕ್ಕೆ ಉದ್ದ ಅಲಸಂದೆ ಹಬ್ಬಿಸಿ. ಸೆಕೆ ಅದಕ್ಕೆ ಲೆಕ್ಕಕ್ಕಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮಂಗಳ ತಳಿಯ ಕಾಯಿ ಮೊಳಕ್ಕಿಂತ ಉದ್ದ ಬರುತ್ತದೆ. ಬೀನ್ಸ್ ಬೀಜವನ್ನು ಮತ್ತೆ ಜೂನ್‌ನಲ್ಲಿ ಹಾಕಿ. ಕೊಳ್ಳುವಾಗ ಹೆಸರು ನೋಡಿಕೊಳ್ಳಿ: ಅರ್ಕಾ ಸುಕೋಮಲ್ ಬಳ್ಳಿ, ಅರ್ಕಾ ಕೋಮಲ್ ಕುಳ್ಳ ಗಿಡ, ಅದಕ್ಕೆ ಚಪ್ಪರ ಬೇಕಿಲ್ಲ.