ಐದು ಅಡಿ ಎರಡು ಇಂಚಿನ ಹುಡುಗಿ ವಾಲಿಬಾಲ್ ಬಿಡಬೇಕಾ?

ಶಿಗ್ಗಾವಿ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರ:

"ಮಹಿಳಾ ವಾಲಿಬಾಲ್ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ ಅನ್ನು ಮಗಳು ಮೊಬೈಲ್‌ನಲ್ಲಿ ನೋಡುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಇಟಲಿಗೂ ಟರ್ಕಿಗೂ ಆಟ. 'ಯವ್ವಾ, ನಮ್ಮ ದೇಶದ ಟೀಮ್ ಎಲ್ಲೈತಿ?' ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅವಳು ಒಂಬತ್ತನೇ ಕ್ಲಾಸು, ಶಾಲೆಯ ಟೀಮಿನಲ್ಲಿ ಆಡುತ್ತಾಳೆ. ಎತ್ತರ ಐದು ಅಡಿ ಎರಡು ಇಂಚು. 'ಗಿಡ್ಡ ಇದ್ದಿ, ಖೋ ಖೋ ಆಡು' ಅಂತ ಎಲ್ಲರೂ ಹೇಳುತ್ತಾರೆ. ಭಾರತದ ಹೆಣ್ಣುಮಕ್ಕಳ ತಂಡ ಮುಂದೆ ಬರುವ ಆಸೆ ಇದೆಯಾ? ನನ್ನ ಮಗಳು ಈ ಆಟ ಮುಂದುವರಿಸಬೇಕಾ?"

ಅಕ್ಕಾವರೇ,

ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ದೇಶದ ಮಾತು ಸ್ವಲ್ಪ ಕಾಯಲಿ, ಹುಡುಗಿ ಕಾಯುವುದು ಬೇಡ. ಮುಂದುವರಿಸಲಿ. ದಯವಿಟ್ಟು ಬಿಡಿಸಬೇಡಿ.

ಜಪಾನ್‌ನಲ್ಲಿ ಯೋಶಿಯೆ ತಾಕೆಶಿತಾ ಅಂತ ಒಬ್ಬ ಸೆಟ್ಟರ್, ಅಂದರೆ ಸ್ಮ್ಯಾಶ್‌ಗೆ ಬಾಲ್ ಎತ್ತಿ ಕೊಡುವವರು, ಇದ್ದರು. ಎತ್ತರ 159 ಸೆಂಟಿಮೀಟರ್. ನಮ್ಮ ಲೆಕ್ಕದಲ್ಲಿ ಐದು ಅಡಿ ಎರಡೂವರೆ ಇಂಚು. ನಿಮ್ಮ ಮಗಳಿಗಿಂತ ಅರ್ಧ ಇಂಚು ಜಾಸ್ತಿ, ಅಷ್ಟೇ. 2006ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನ್‌ಗೆ ಪದಕ ಬರಲಿಲ್ಲ. ಆದರೂ ಇಡೀ ಟೂರ್ನಿಯ ಶ್ರೇಷ್ಠ ಆಟಗಾರ್ತಿ ಅಂತ ಆರಿಸಿದ್ದು ಅವರನ್ನೇ. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಪಾನ್ ಕಂಚು ಗೆದ್ದಾಗಲೂ ಬಾಲ್ ಎತ್ತಿ ಕೊಟ್ಟದ್ದು ಅವರೇ. ಅದೇ ತಂಡದ ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ಬಾಲ್ ಉಳಿಸುವ ಯೂಕೊ ಸಾನೊ, ಅವರೂ 159 ಸೆಂಟಿಮೀಟರೇ. ಒಲಿಂಪಿಕ್ ಪದಕ ಗೆದ್ದ ತಂಡದಲ್ಲಿ ನಿಮ್ಮ ಮಗಳ ಎತ್ತರದವರು ಇಬ್ಬರು!

ನೀವು ನೋಡಿದ ಫೈನಲ್ ನಡೆದದ್ದು 2025ರ ಸೆಪ್ಟೆಂಬರ್ 7ರಂದು, ಬ್ಯಾಂಕಾಕ್‌ನಲ್ಲಿ. ಇಟಲಿ 3-2ರಿಂದ ಗೆದ್ದಿತು. ಆ ರಾತ್ರಿ ಎಲ್ಲರ ಕಣ್ಣು ಇದ್ದದ್ದು ಇಟಲಿಯ ಪಾವೊಲಾ ಎಗೊನು, ಟರ್ಕಿಯ ಮೆಲಿಸಾ ವರ್ಗಾಸ್ ಹೊಡೆಯುವ ಸ್ಮ್ಯಾಶ್‌ಗಳ ಮೇಲೆ. ಆದರೆ ಟೂರ್ನಿಯ ಶ್ರೇಷ್ಠ ಆಟಗಾರ್ತಿ ಯಾರು ಗೊತ್ತಾ? ಇಟಲಿಯ ಸೆಟ್ಟರ್ ಅಲೆಸಿಯಾ ಒರೊ. ಮೂರು ಟಚ್‌ನಲ್ಲಿ ನಡುವಿನದು ಸೆಟ್ಟರ್‌ನದು. ನಮ್ಮ ಊರುಗಳಲ್ಲಿ ಲಿಫ್ಟರ್ ಅಂತೀವಲ್ಲ, ಅದೇ. ಬಾಲ್ ಯಾರಿಗೆ, ಎಷ್ಟು ಎತ್ತರ, ಎಷ್ಟು ಬೇಗ ಹೋಗಬೇಕು ಅನ್ನುವುದನ್ನು ಅವಳೇ ತೀರ್ಮಾನಿಸಬೇಕು. ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ನೆಟ್ಟಿನ ಆಚೆ ಕೈ ಎತ್ತಿ ತಡೆಯಲು, ಅಂದರೆ ಬ್ಲಾಕ್‌ಗೆ, ನಿಂತವರಿಗೆ ಸುಳಿವು ಸಿಗಬಾರದು. ರೊಟ್ಟಿ ತಟ್ಟೋಕೆ ಅಂಗೈ ಬೇಕು, ಇದಕ್ಕೆ ಬರೀ ಬೆರಳ ತುದಿ.

ಹಾಗಂತ ಎತ್ತರ ಬೇಕಾಗಿಯೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಚೀನಾದ ಝು ಟಿಂಗ್ 198 ಸೆಂಟಿಮೀಟರ್, ಆರೂವರೆ ಅಡಿ. ನೆಟ್ ಮುಂದೆ ನಿಂತು ಬ್ಲಾಕ್ ಮಾಡುವ ಜಾಗಕ್ಕೆ ಅಂಥವರೇ ಬೇಕು. ನಿಮ್ಮ ಮಗಳಿಗೆ ಇರುವುದು ಎರಡು ಜಾಗ. ಒಂದು ಸೆಟ್ಟರ್, ಇನ್ನೊಂದು ಲಿಬೆರೊ. ಬೇರೆ ಬಣ್ಣದ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಮಾತ್ರ ಆಡುತ್ತಾಳಲ್ಲ, ಅವಳೇ ಲಿಬೆರೊ. 1998ರಿಂದ ಈ ಜಾಗ ಇದೆ. ಬ್ಲಾಕ್ ಮಾಡುವಂತಿಲ್ಲ, ನೆಟ್ಟಿನ ಮೇಲಿಂದ ಸ್ಮ್ಯಾಶ್ ಹೊಡೆಯುವಂತಿಲ್ಲ. ಬಿದ್ದು ಎದ್ದು ಬಾಲ್ ಉಳಿಸುವುದೇ ಕೆಲಸ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಟಲಿ ಚಿನ್ನ ಗೆದ್ದಾಗ ಅದರ ಲಿಬೆರೊ ಮೋನಿಕಾ ಡೆ ಜೆನ್ನಾರೊಗೆ 37 ವರ್ಷ. ಇಡೀ ಟೂರ್ನಿಯಲ್ಲಿ ಆ ತಂಡ ಸೋತದ್ದು ಒಂದೇ ಒಂದು ಸೆಟ್.

ಈಗ ಮಗಳ ಪ್ರಶ್ನೆ. ನಮ್ಮ ದೇಶದ ಟೀಮ್ ಎಲ್ಲೈತಿ?

ದಕ್ಷಿಣ ಏಷ್ಯಾದಲ್ಲಿ ನಾವು ಮುಂದೆ ಇದ್ದೇವೆ. 2019ರಲ್ಲಿ ಕಠ್ಮಂಡುವಿನ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ನಮ್ಮ ಹುಡುಗಿಯರು ಫೈನಲ್‌ನಲ್ಲಿ ನೇಪಾಳವನ್ನು ಅದರ ಮನೆಯಲ್ಲೇ 3-2ರಿಂದ ಸೋಲಿಸಿ ಚಿನ್ನ ತಂದರು. ಆದರೆ ಅದರ ಆಚೆ ಕಾಲಿಟ್ಟರೆ ಚೀನಾ, ಜಪಾನ್, ಥಾಯ್ಲೆಂಡ್ ಎದುರಾಗುತ್ತವೆ. ಅಲ್ಲಿ ನಮ್ಮ ಆಟ ಸಾಲುತ್ತಿಲ್ಲ. ಒಲಿಂಪಿಕ್ಸ್‌ಗೆ ಭಾರತದ ಮಹಿಳಾ ತಂಡ ಇವತ್ತಿನವರೆಗೆ ಹೋಗಿಲ್ಲ. 2028ರ ಲಾಸ್ ಏಂಜಲೀಸ್‌ಗೂ ನಾನು ಆಸೆ ಇಟ್ಟುಕೊಂಡಿಲ್ಲ. ಅಲ್ಲಿ ಇರುವುದು 12 ತಂಡಗಳಿಗೆ ಮಾತ್ರ ಜಾಗ. ಏಷ್ಯಾ ಚಾಂಪಿಯನ್‌ಗೆ ಒಂದು ಸೀಟು, ಉಳಿದದ್ದು ದೊಡ್ಡವರ ಜಗಳ.

ಯಾಕೆ ಹೀಗೆ ಅಂದರೆ ಥಟ್ಟನೆ ಬರುವ ಉತ್ತರ "ನಮ್ಮವರು ಗಿಡ್ಡ". ಅದನ್ನು ನಾನು ಒಪ್ಪುವುದಿಲ್ಲ. ಥಾಯ್ಲೆಂಡ್‌ನವರು ನಮಗಿಂತ ಎತ್ತರ ಅಲ್ಲ. ಆದರೂ 2009ರಲ್ಲಿ ಫೈನಲ್‌ನಲ್ಲಿ ಚೀನಾವನ್ನು, 2013ರಲ್ಲಿ ಜಪಾನ್ ಅನ್ನು ಸೋಲಿಸಿ ಏಷ್ಯಾ ಚಾಂಪಿಯನ್ ಆದರು. 2023ರಲ್ಲಿ ಮತ್ತೊಮ್ಮೆ ಆದರು. ಹೇಗೆ? ಸೆಟ್ಟರ್ ನೂತ್ಸರಾ ತೊಮ್ಕೊಮ್ ಸುತ್ತ ಒಂದೇ ವಯಸ್ಸಿನ ಏಳೆಂಟು ಹುಡುಗಿಯರನ್ನು ಹತ್ತು ವರ್ಷಕ್ಕೂ ಜಾಸ್ತಿ ಒಟ್ಟಿಗೆ ಇಟ್ಟರು. ಅವರಲ್ಲಿ ಹಲವರು ಅಜರ್‌ಬೈಜಾನ್, ಟರ್ಕಿ ಕ್ಲಬ್‌ಗಳಿಗೂ ಹೋಗಿ ಆಡಿದರು. ಯಾರು ಎಲ್ಲಿ ಹಾರುತ್ತಾರೆ ಅಂತ ನೋಡದೇ ಗೊತ್ತಾಗುವಷ್ಟು ಬಳಕೆ ಬೆಳೆಯಿತು. ಎತ್ತರದ ಬ್ಲಾಕ್ ಕೈ ಎತ್ತುವ ಮೊದಲೇ ಬಾಲ್ ನೆಲಕ್ಕೆ ಬಡಿದಿರುತ್ತಿತ್ತು. ಅಂಥ ತಂಡಕ್ಕೂ ಒಲಿಂಪಿಕ್ಸ್ ಸಿಗಲಿಲ್ಲ ಅನ್ನುವುದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಇದಕ್ಕೆ ತಿರುಗುಮುರುಗು ಕತೆ ದಕ್ಷಿಣ ಕೊರಿಯಾದ್ದು. ಎತ್ತರದ ಸ್ಮ್ಯಾಶರ್ ಕಿಮ್ ಯೆಯೊನ್ ಕೂಂಗ್ ಇದ್ದಾಗ 2012ರಲ್ಲಿ, ಮತ್ತೆ ಟೋಕಿಯೊದಲ್ಲಿ, ಎರಡು ಸಲ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಅವರು 2021ರಲ್ಲಿ ದೇಶದ ತಂಡ ಬಿಟ್ಟರು. ಮರುವರ್ಷ ನೇಷನ್ಸ್ ಲೀಗ್ ಅನ್ನುವ ಅಂತಾರಾಷ್ಟ್ರೀಯ ಟೂರ್ನಿಯಲ್ಲಿ ಆಡಿದ 12 ಪಂದ್ಯಗಳಲ್ಲಿ 12 ಸೋಲು. 2023ರಲ್ಲಿ ಮತ್ತೆ 12ಕ್ಕೆ 12. ಒಬ್ಬ ಎತ್ತರದ ಹುಡುಗಿಯನ್ನು ಹುಡುಕಿ ತಂದರೆ ಎಲ್ಲಾ ಸರಿ ಹೋಗುತ್ತದೆ ಅನ್ನುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ.

ನನ್ನ ಪ್ರಕಾರ ನಮ್ಮಲ್ಲಿ ಕಮ್ಮಿ ಇರುವುದು ಪಂದ್ಯಗಳು. ಸುಮ್ನೆ ಎಣಿಸಿ ನೋಡಿ. ಇಟಲಿಯ ಮೊದಲ ದರ್ಜೆಯ ಮಹಿಳಾ ಲೀಗ್‌ನಲ್ಲಿ 14 ತಂಡ ಇದ್ದ ವರ್ಷ ಪ್ರತಿ ತಂಡಕ್ಕೂ ಲೀಗ್ ಹಂತದಲ್ಲೇ 26 ಪಂದ್ಯ. ನಮ್ಮಲ್ಲಿ 2022ರಲ್ಲಿ ಶುರುವಾದ ಪ್ರೈಮ್ ವಾಲಿಬಾಲ್ ಲೀಗ್ ಗಂಡಸರದು. ವಿಯೆಟ್ನಾಂ ನೋಡಿ. ಅಲ್ಲಿನ ಟಿ.ವಿ. ಸಂಸ್ಥೆ 2004ರಿಂದ ಹೆಣ್ಣುಮಕ್ಕಳಿಗಾಗಿಯೇ ಒಂದು ಅಂತಾರಾಷ್ಟ್ರೀಯ ಕಪ್ ನಡೆಸುತ್ತಿದೆ. ಹೊರದೇಶದ ತಂಡಗಳು ಅವರ ಮನೆ ಬಾಗಿಲಿಗೇ ಬಂದು ಆಡುತ್ತವೆ. ಇಪ್ಪತ್ತು ವರ್ಷ ಆಡಿ ಆಡಿ 2025ರಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್‌ಷಿಪ್ ತಲುಪಿದರು. ಅಲ್ಲಿ ಒಂದೂ ಪಂದ್ಯ ಗೆಲ್ಲಲಿಲ್ಲ, ಆದರೆ ಪೋಲೆಂಡ್‌ನಿಂದ ಒಂದು ಸೆಟ್ ಕಿತ್ತುಕೊಂಡರು. ನಮ್ಮ ದಾರಿಯೂ ಇದೇ ಅಂತ ನನ್ನ ನಂಬಿಕೆ. ಮೊದಲು ವಿಯೆಟ್ನಾಂನ ಸರಿಸಮ ನಿಲ್ಲಬೇಕು.

ನಮ್ಮ ಕಡೆಯ ಹುಡುಗಿಗೆ ವರ್ಷಕ್ಕೆ ಎಷ್ಟು ಪಂದ್ಯ ಸಿಗುತ್ತದೆ? ಕೆಲವು ವರ್ಷದ ಹಿಂದೆ ಗದಗ ಕಡೆಯ ಒಂದು ಶಾಲೆಯ ಮೈದಾನದಲ್ಲಿ ಹುಡುಗಿಯರ ಪಂದ್ಯ ನೋಡಿದೆ. ಎರೆ ಭೂಮಿ. ಹಿಂದಿನ ದಿನ ಮಳೆ ಆಗಿತ್ತು. ಕೋರ್ಟಿಗೆ ಗರ್ಸು ಹಾಕಿದ್ದರು, ಆದರೆ ಸರ್ವಿಸ್ ಮಾಡುವ ಮೂಲೆಗೆ ಅದು ಸಾಲದೆ ಕರಿ ಮಣ್ಣು ಹಾಗೇ ಇತ್ತು. ಬರಿಗಾಲಿನ ಹುಡುಗಿಯೊಬ್ಬಳು ಪ್ರತಿ ಸರ್ವಿಸ್‌ಗೂ ಮೊದಲು ಪಾದವನ್ನು ಕಂಬಕ್ಕೆ ಉಜ್ಜಿ ಮಣ್ಣು ಬಿಡಿಸಿಕೊಳ್ಳುತ್ತಿದ್ದಳು. ನೆಟ್ ಮಾತ್ರ ಹುಡುಗರ ಆಟ ಮುಗಿದಾಗ ಎಲ್ಲಿತ್ತೋ ಅಲ್ಲೇ. ಕೇಳಿದ್ದಕ್ಕೆ "ತಂತಿ ಬಿಗಿದು ಕಟ್ಟೇವ್ರೀ, ಮತ್ತ ಯಾರು ಬಿಚ್ಚೋರು" ಅಂದರು. ಗಂಡಸರ ನೆಟ್ 2.43 ಮೀಟರ್, ಹೆಂಗಸರದು 2.24. ನಡುವೆ ಏಳೂವರೆ ಇಂಚು, ಹತ್ತಿರ ಹತ್ತಿರ ಒಂದು ಗೇಣು. ಆ ಹುಡುಗಿಯರು ಒಂದೂ ಸ್ಮ್ಯಾಶ್ ಹೊಡೆಯಲಿಲ್ಲ. ಬಾಲನ್ನು ಎರಡೂ ಕೈಯಿಂದ ಹೇಗೋ ಆಚೆ ದಾಟಿಸಿದರು. ಅರ್ಧ ಗಂಟೆಯಲ್ಲಿ ಮುಗಿಯಿತು. ಸೋತವರು ಟಂಟಂ ಹತ್ತಿ ಊರಿಗೆ ಹೋದರು. ಅವರ ವರ್ಷದ ಆಟ ಅಷ್ಟಕ್ಕೇ ಮುಗಿದಂತೆ. ಸೋತರೆ ಮನೆಗೆ ಅನ್ನುವ ಪದ್ಧತಿಯಲ್ಲಿ ಹುಡುಗಿ ಕಲಿಯುವುದಾದರೂ ಯಾವಾಗ? ನನಗೆ ಆವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನೊಂದು ಸಂಗತಿ. ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್‌ನ ಫೈನಲ್ ಅಂದರೆ ಎಷ್ಟೋ ವರ್ಷ ರೈಲ್ವೇಸ್ ಮತ್ತು ಕೇರಳ. ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೌಕರಿ ಸಿಗುತ್ತದೆ. ಸಂಬಳ ಬರುವ ಹುಡುಗಿಗೆ "ಇನ್ನು ಆಟ ಸಾಕು" ಅಂತ ಮನೆಯಲ್ಲಿ ಹೇಳುವುದು ಕಷ್ಟ, ಅಲ್ವಾ? 1964ರಲ್ಲಿ ಒಲಿಂಪಿಕ್ಸ್‌ಗೆ ವಾಲಿಬಾಲ್ ಮೊದಲ ಸಲ ಬಂದಾಗ ಚಿನ್ನ ಗೆದ್ದ ಜಪಾನ್ ತಂಡದಲ್ಲಿ ಇದ್ದವರು ಬಹುತೇಕ ಒಂದೇ ನೂಲಿನ ಗಿರಣಿಯ ಕೆಲಸಗಾರ್ತಿಯರು. ಕೆಲಸ ಮುಗಿಸಿ ಮಧ್ಯರಾತ್ರಿವರೆಗೆ ಅಭ್ಯಾಸ. ಅವರ ಕೋಚ್ ತುಂಬಾ ಕಠೋರ, ಆ ಕಠೋರತನ ನಮ್ಮ ಮಕ್ಕಳಿಗೆ ಬೇಡವೇ ಬೇಡ. ಆದರೆ ಸಂಬಳ, ಅಂಗಳ, ಜೊತೆಗಾರ್ತಿಯರು ಮೂರೂ ಒಂದೇ ಕಡೆ ಇದ್ದವು. ನಮ್ಮ ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಊರು. ನಿಮ್ಮ ಊರಿನಿಂದ ದೂರವೇನಲ್ಲ. ಈ ದಾರಿಯನ್ನು ಮಗಳಿಗೆ ಈಗಲೇ ತೋರಿಸಿ.

ಈ ವಾರದಿಂದ ಏನು ಮಾಡಬಹುದು ಅಂತಲೂ ಹೇಳುತ್ತೇನೆ. ಮನೆಯ ಹಿಂದಿನ ಗೋಡೆಯ ಮೇಲೆ, ಅವಳ ತಲೆಗಿಂತ ಎರಡು ಅಡಿ ಮೇಲೆ, ಸುಣ್ಣದಲ್ಲಿ ಒಂದು ಗುಂಡು ಬರೆಯಿರಿ. ದಿನಾ ಇನ್ನೂರು ಸಲ ಬೆರಳ ತುದಿಯಿಂದ ಬಾಲ್ ಅಲ್ಲಿಗೇ ಮುಟ್ಟಿಸಲಿ. ಬಾಲ್ ಇರುವುದು ಪಾವು ಕಿಲೋಗಿಂತ ಸ್ವಲ್ಪ ಜಾಸ್ತಿ, ಕೈ ನೋಯುವುದಿಲ್ಲ. ಹಾವೇರಿಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕಚೇರಿಗೆ ಹೋಗಿ ಕ್ರೀಡಾ ವಸತಿ ನಿಲಯದ ಆಯ್ಕೆ ಯಾವಾಗ ಅಂತ ಕೇಳಿ. ಶಾಲೆಯ ಪಿ.ಇ. ಸರ್ ಹತ್ತಿರ "ಇವಳನ್ನು ಸೆಟ್ಟರ್ ಮಾಡಿ ನೋಡ್ರಿ ಸರ್" ಅಂತ ನೀವೇ ಹೇಳಿ. ಅಕ್ಕಪಕ್ಕದ ನಾಲ್ಕು ಊರಿನ ಶಾಲೆಗಳ ಹುಡುಗಿಯರನ್ನು ಸೇರಿಸಿ, ಸೋತವರೂ ಮುಂದಿನ ಶನಿವಾರ ಮತ್ತೆ ಆಡುವಂತೆ ಒಂದು ಲೀಗ್ ಮಾಡಲು ಅವರು ಒಪ್ಪಿದರೆ ಬಾಲ್ ಮತ್ತು ನೆಟ್ ನಮ್ಮ ಪತ್ರಿಕೆಯಿಂದ ಕೊಡುತ್ತೇವೆ. ಇದು ನನ್ನ ಮಾತು.

ಹಾಂ, ಒಂದು ಟೇಪ್ ತಗೊಂಡು ಹೋಗಿ ಶಾಲೆಯ ನೆಟ್ ಅಳೆಯಿರಿ. ನಡುವಿನಲ್ಲಿ ಅಳೆಯಬೇಕು, ಕಂಬದ ಹತ್ತಿರ ಅಲ್ಲ. ಏಳು ಅಡಿ ನಾಲ್ಕು ಇಂಚಿಗಿಂತ ಮೇಲಿದ್ದರೆ ಇಳಿಸಿ ಕಟ್ಟಿಸಿ. ಎಷ್ಟಿತ್ತು ಅಂತ ಮುಂದಿನ ಪತ್ರದಲ್ಲಿ ಬರೆಯಿರಿ.

ನಿಮ್ಮ,
ಸಂಪಾದಕ