ಅಕ್ಕನೂ ಬೇಕು, ಅಮ್ಮನೂ ಬೇಕು

ಓದುಗರ ಪತ್ರ: ತೀರ್ಥಹಳ್ಳಿ ಹತ್ರ ಸಣ್ಣದೊಂದು ಹೋಂಸ್ಟೇ ಇದೆ ನಮ್ದು. ಆಗುಂಬೆ ರೋಡಿಗೆ ಹಾಕ್ಸಿದ ಬೋರ್ಡಲ್ಲಿ ಅಕಾಮಡೇಷನ್ ಸ್ಪೆಲಿಂಗು ತಪ್ಪಿದೆ ಅಂತ ಬೆಂಗ್ಳೂರಿನ ಗೆಸ್ಟು ಫೋಟೋ ಹೊಡ್ಕೊಂಡು ನಗಾಡಿದ್ರು. ಡಿಗ್ರಿ ಓದಿದ ನಂಗೂ ಕಾಣ್ಲಿಲ್ಲ, ಬರೆದ ಪೇಂಟರಿಗೂ ಕಾಣ್ಲಿಲ್ಲ. ಇಂಥ ತಪ್ಪು ಹಿಡಿಯೋದು ಹೆಂಗೆ ಸಾರ್?

ಸಂಪಾದಕರ ಉತ್ತರ: ಅಯ್ಯೋ ಮಾರಾಯ್ರೆ, ಬೇಜಾರ್ ಮಾಡ್ಕೋಬೇಡಿ, ನಿಮ್ ಬೋರ್ಡಲ್ಲಿ ಒಂದು ಎಂ ಬಿಟ್ಟೋಗಿದೆ ಅಷ್ಟೆ, ಆ ಪದ ಬರೆಯೋವಾಗ ಇಂಗ್ಲಿಷಿನವ್ರೇ ಎಡವ್ತಾರೆ. ಅದ್ರಲ್ಲಿ ಎರಡು ಸಿ, ಎರಡು ಎಂ. ಲ್ಯಾಟಿನ್ನಲ್ಲಿ ಎರಡು ಉಪಸರ್ಗ ಒಂದರ ಮೇಲೊಂದು ಕೂತು ಹುಟ್ಟಿದ ಪದ ಅದು, ಅದಕ್ಕೇ ಎರಡು ಕಡೆ ಜೋಡಿ. ಆದ್ರೆ ಬಾಯಲ್ಲಿ ಎಲ್ಲೂ ಒತ್ತು ಕೇಳ್ಸಲ್ಲ. ನಮ್ ಕಷ್ಟ ಇರೋದೇ ಇಲ್ಲಿ. ನಾವು ಕಿವಿಯಲ್ಲಿ ಕೇಳಿದ್ದನ್ನ ಬರೆಯೋ ಜನ, ಕತ್ತೆ ಅಂದ್ರೆ ತಕಾರಕ್ಕೆ ಒತ್ತು ಕೊಟ್ಟೇ ಕೊಡ್ತೀವಿ, ಕತೆ ಅಂದ್ರೆ ಕೊಡಲ್ಲ. ಬ್ರಿಟಿಷರು ನಮ್ಮೂರಿನ ಹೆಸರು ಬರೆಯೋವಾಗ ಒಂದೇ ಜಿ ಹಾಕಿ ಮುಗ್ಸಿದ್ರು, 2014ರ ನವೆಂಬರ್ 1ಕ್ಕೆ ಸರ್ಕಾರ ಇಂಗ್ಲಿಷಲ್ಲೂ ಶಿವಮೊಗ್ಗ ಅಂತ ಮಾಡಿದ್ಮೇಲೇ ಎರಡನೇ ಜಿ ಬಂದಿದ್ದು.

ಇಂಗ್ಲಿಷಲ್ಲಿ ಮೊದ್ಲು ಬರೆದಿದ್ದಕ್ಕೂ ಮಾತಿಗೂ ಇಷ್ಟು ದೂರ ಇರ್ಲಿಲ್ಲ. ಕ್ಯಾಕ್ಸ್‌ಟನ್ ಅನ್ನೋರು 1476ರಲ್ಲಿ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರಲ್ಲಿ ಅಚ್ಚುಕೂಟ ಹಾಕಿದ್ರು, ಅಲ್ಲಿಂದಾಚೆ ಸ್ಪೆಲಿಂಗು ನಿಧಾನಕ್ಕೆ ಗಟ್ಟಿಯಾಗ್ತಾ ಬಂತು, ಮಾತು ಮಾತ್ರ ತನ್ನ ಪಾಡಿಗೆ ಬದಲಾಗ್ತಾ ಹೋಯ್ತು. ಅದು ಸಾಲ್ದು ಅಂತ ಪಂಡಿತರು ಬೇರೆ ಕೈ ಹಾಕಿದ್ರು. ಸಾಲಕ್ಕೆ ಡೆಟ್ ಅಂತಾರಲ್ಲ, ಅದ್ರಲ್ಲಿರೋ ಬಿ ಮೊದ್ಲು ಇರ್ಲೇ ಇಲ್ಲ, ಲ್ಯಾಟಿನ್ ಮೂಲದಲ್ಲಿದೆ ಅಂತ ತಂದು ತುರುಕಿದ್ದು. ರಿಸೀಟಿನ ಪಿ ಕತೆನೂ ಅದೇ. ಅಡಿಕೆ ಮಂಡಿಯವ್ರು ರಸೀದಿ ಅಂತ ಬರೆದು ಆರಾಮಾಗಿರ್ತಾರೆ ನೋಡಿ, ಅದು ಪಾರ್ಸಿ ಪದ, ಪಿ ಗೋಳೇ ಇಲ್ಲ.

ಈಗ ಹಿಡಿಯೋ ವಿಷ್ಯ. ನಾನು ಮಾಡೋದು ಹೇಳ್ತೀನಿ, ನಗ್ಬೇಡಿ. ಇಂಗ್ಲಿಷ್ ಪದಾನ ಕನ್ನಡದ ಥರ, ಇರೋ ಅಕ್ಷರ ಒಂದೂ ಬಿಡದೆ ಮನಸ್ಸಲ್ಲೇ ಓದ್ತೀನಿ. ಅಕ್ಕೊಮ್ಮೊಡೇಷನ್! ಮೊದ್ಲು ಅಕ್ಕ, ಆಮೇಲೆ ಅಮ್ಮ, ಇಬ್ರೂ ಇದ್ರೇ ಮನೇಲಿ ನೆಂಟರಿಗೆ ಜಾಗ. ಕಮಿಟಿ ಅಂದ್ರೆ ಕೊಮ್ಮಿಟ್ಟೀ, ಮಕಾರಕ್ಕೂ ಟಕಾರಕ್ಕೂ ಒತ್ತು, ಕೊನೇಲಿ ದೀರ್ಘ. ಬುಧವಾರ ವೆಡ್-ನೆಸ್-ಡೇ. ಸಪರೇಟು ಅನ್ನೋದನ್ನ ಸೆ-ಪಾ-ರೇಟ್ ಅಂತ ಓದಿ, ಎಲ್ರೂ ನಡುವೆ ಇ ಹಾಕ್ತಾರೆ, ಅಲ್ಲಿರೋದು ಎ. ಹಳ್ಳಿ ಸ್ಕೂಲಲ್ಲಿ ಹಿಂಗೆ ಓದಿದ್ರೆ ಪೇಟೆ ಹುಡುಗ್ರು ಆಡ್ಕೊಳ್ತಿದ್ರು, ಆದ್ರೆ ಸ್ಪೆಲಿಂಗಿಗೆ ಅದರಷ್ಟು ಒಳ್ಳೆ ಗಾಳ ಇನ್ನೊಂದಿಲ್ಲ.

ಮೊಬೈಲು ಕಂಪ್ಯೂಟರು ಕೆಂಪು ಗೆರೆ ಎಳೆಯುತ್ತಲ್ಲ ಅಂತೀರೇನೋ. ನಾವೂ ಹಂಗೇ ನಂಬಿ ಕೆಟ್ವಿ. ಒಂದ್ ವರ್ಷ ಪತ್ರಿಕೆ ಜೊತೆ ಕೊಡೋ ಕ್ಯಾಲೆಂಡರಿನ ತಲೆ ಮೇಲೆ, ದೊಡ್ಡ ಅಕ್ಷರದಲ್ಲಿ, ಕೊನೇಲಿ ಎ-ಆರ್ ಬದ್ಲು ಇ-ಆರ್ ಹಾಕಿ ಅಚ್ಚು ಮಾಡ್ಸಿ ಊರೆಲ್ಲಾ ಹಂಚಿದ್ವಿ, ಕಂಪ್ಯೂಟರು ಕಮಕ್ ಕಿಮಕ್ ಅನ್ಲಿಲ್ಲ. ಯಾಕಂದ್ರೆ ಇ-ಆರ್ ಹಾಕಿದ್ರೂ ಅದೊಂದು ಪದವೇ, ಬಟ್ಟೆ ಕಾಗದ ಎಲ್ಲ ರೋಲರಿನ ನಡುವೆ ಒತ್ತಿ ನುಣುಪು ಮಾಡೋ ಮಿಶಿನ್ನಿನ ಹೆಸರು. ವರ್ಷಪೂರ್ತಿ ಆಫೀಸಿನ ಗೋಡೆ ಮೇಲೆ ಆ ಮಿಶಿನ್ನು ನೇತಾಡ್ತಿತ್ತು. ಸ್ಟೇಷನರಿನೂ ಹಂಗೇ, ಎ ಇದ್ರೆ ನಿಂತಿದ್ದು, ಇ ಇದ್ರೆ ಪೆನ್ನು ಪುಸ್ತಕ. ಶಿವಮೊಗ್ಗದ ಗಾಂಧಿ ಬಜಾರಲ್ಲಿ ನಡ್ಕೊಂಡು ಹೋಗೋವಾಗ ಬೋರ್ಡು ನೋಡ್ತಾ ಹೋಗಿ, ಟೈಂಪಾಸು.

ನನ್ ಉಪಾಯ ರಿಸೀವ್ ಥರದವಕ್ಕೆ ನಡಿಯಲ್ಲ, ಅಲ್ಲಿ ಸಿ ಆದ್ಮೇಲೆ ಮೊದ್ಲು ಇ, ಆಮೇಲೆ ಐ ಅಂತ ಬಾಯಿಪಾಠನೇ ಗತಿ, ಅದೂ ಸೈನ್ಸ್ ಅನ್ನೋ ಪದದಲ್ಲಿ ಕೈ ಕೊಡುತ್ತೆ. ಬೋರ್ಡು ಬ್ಯಾನರಾದ್ರೆ ಪ್ರೂಫನ್ನ ಕೊನೆ ಪದದಿಂದ ಹಿಂದಕ್ಕೆ ಒಂದೊಂದೇ ಓದಿ, ಅರ್ಥ ತಪ್ಪೋಗಿ ಬರೀ ಅಕ್ಷರ ಕಾಣುತ್ತೆ. ಫ್ಲೆಕ್ಸ್ ಅಂಗಡೀಲೇ ನಿಂತು ಓದಿ, ಮನೆಗೆ ತಂದ್ಮೇಲಲ್ಲ.

ನಿಮ್ಮದು ಪೇಂಟಿನ ಬೋರ್ಡಾದ್ರೆ ಇರೋ ಎಂ ಪಕ್ಕ ಇನ್ನೊಂದು ಸಪೂರಕ್ಕೆ ತೂರ್ಸೋಕೆ ಹೇಳಿ, ಮಳೆಗಾಲದ ಪಾಚಿಗೆ ಹೆಂಗೂ ಮುಂದಿನ್ವರ್ಷ ಹೊಸದಾಗಿ ಬರೆಸ್ಬೇಕಲ್ಲ. ಅಂದಹಾಗೆ ಪತ್ರದ ಕೊನೇಲಿ ಸಹಿ ಮೇಲೆ ಇಂಗ್ಲಿಷಲ್ಲಿ ಸಿನ್ಸಿಯರ್ಲಿ ಅಂತ ಬರೆದಿದೀರಿ, ಅದ್ರಲ್ಲಿ ಎಲ್‌ಗೆ ಮುಂಚೆ ಒಂದು ಇ ಬೇಕಿತ್ತು.