ದುಬಾರಿ ಬಟ್ಟೆಯನ್ನು ಅಂಗಡಿಯ ಬೆಳಕಿನಲ್ಲಿ ಒಪ್ಪಬೇಡಿ

ಮಂಗಳೂರಿನಲ್ಲಿ ಸಮುದ್ರದ ಕಡೆಗಿರುವ ಫ್ಲಾಟ್‌ನ ಒಳಾಂಗಣ ವಿನ್ಯಾಸ, ಡಿಸೈನರ್ ಆಗಿ ನಿಮ್ಮ ಮೊದಲ ದೊಡ್ಡ ಕೆಲಸ. ಕರ್ಟನ್, ಸೋಫಾಗೆ ಯಾವ ಲಕ್ಷುರಿ ಬ್ರ್ಯಾಂಡ್ ಒಳ್ಳೆಯದು, ದೊಡ್ಡ ಡಿಸೈನರ್‌ಗಳು ಎಲ್ಲಿಂದ ತರಿಸುತ್ತಾರೆ ಅಂತ ಕೇಳಿದ್ದೀರಿ. ಇಂಪೋರ್ಟೆಡ್ ಅಂದರೇ ಲಕ್ಷುರಿ ಅಂತಲೂ ಹೇಳಿದ್ದೀರಿ. ಬೆಂಗಳೂರಿನಲ್ಲಿ ಸ್ವಂತವಾಗಿ ಕೆಲಸ ಶುರು ಮಾಡಿದಾಗ ನನಗೂ ಇವೇ ಎರಡು ಪ್ರಶ್ನೆ ಇದ್ದವು. ಎರಡಕ್ಕೂ ಉತ್ತರ ಸಿಕ್ಕಿತು. ಆದರೂ ಕೈ ಸುಟ್ಟುಕೊಂಡೆ.

ಜಯನಗರದ ಹಳೇ ಮನೆ. ಹಾಲ್‌ನಲ್ಲಿ ಪೂರ್ವಕ್ಕೆ ಹನ್ನೆರಡು ಅಡಿ ಅಗಲದ ಕಿಟಕಿ. ಮನೆಯವರಿಗೆ ರೇಷ್ಮೆ ಕರ್ಟನ್ನೇ ಬೇಕು. ಡಿಸ್ಟ್ರಿಬ್ಯೂಟರ್ ಒಬ್ಬರ ಸ್ಯಾಂಪಲ್ ಪುಸ್ತಕದಲ್ಲಿ ಇಟಲಿಯದೊಂದು ರೇಷ್ಮೆ ಸಿಕ್ಕಿತು. ಬೂದು ಬೆರೆತ ಹಸಿರು, ಮೇಲೆ ದೊಡ್ಡ ಬಳ್ಳಿ, ಹೂವು. ಎಲ್ಲರೂ ಒಪ್ಪಿದರು.

ಲೆಕ್ಕ ಹೀಗೆ ಹಾಕಿದೆ. ನೆರಿಗೆ ತುಂಬಿಕೊಂಡು ಬೀಳಬೇಕಾದರೆ ರಾಡಿನ ಎರಡೂವರೆ ಪಟ್ಟು ಬಟ್ಟೆ ಬೇಕು. 144 ಇಂಚಿನ ರಾಡಿಗೆ 360 ಇಂಚು. ಬಟ್ಟೆಯ ಪನ್ನ (ಅಗಲ) 54 ಇಂಚು, ಅಂದರೆ ಏಳು ತುಂಡು. ಎತ್ತರ 108 ಇಂಚು, ಮೇಲೆ ಕೆಳಗೆ ಮಡಿಸಿ ಹೊಲಿಯೋಕೆ ಇನ್ನೊಂದು 12. ಏಳು ತುಂಡಿಗೆ 840 ಇಂಚು, ಸುಮಾರು 21.3 ಮೀಟರ್. ನಾನು 21.5 ಮೀಟರ್ ತರಿಸಿದೆ.

ಆದರೆ ಆ ಹೂವು 25 ಇಂಚಿಗೊಮ್ಮೆ ಮರುಕಳಿಸುತ್ತಿತ್ತು. ಪಕ್ಕದ ತುಂಡಿನ ಹೂವಿಗೆ ಈ ತುಂಡಿನ ಹೂವು ಕೂಡಬೇಕಾದರೆ ಪ್ರತಿ ತುಂಡನ್ನೂ ಹೂವಿನ ಒಂದೇ ಜಾಗದಿಂದ ಶುರು ಮಾಡಿ ಕತ್ತರಿಸಬೇಕು. ಆಗ ಒಂದು ತುಂಡಿಗೆ 120 ಇಂಚು ಸಾಲದು, 25ರ ಐದು ಪಟ್ಟು, ಅಂದರೆ 125 ಬೇಕು. ಏಳಕ್ಕೆ 875 ಇಂಚು, 22.2 ಮೀಟರ್. ಪುಸ್ತಕದಲ್ಲಿ ಸ್ಯಾಂಪಲ್ ಹಿಂದೆಯೇ ಈ ಅಳತೆ, ಅಂದರೆ ರಿಪೀಟ್, ಎಷ್ಟು ಅಂತ ಬರೆದಿತ್ತು. ನಾನು ಓದಿಯೂ ಇದ್ದೆ, ಲೆಕ್ಕಕ್ಕೆ ಸೇರಿಸಲಿಲ್ಲ. ಟೇಲರ್ ಫೋನ್ ಮಾಡಿದರು: "ಮೇಡಂ, ಆರು ತುಂಡು ಆಯ್ತು. ಏಳನೇದು ಬರಲ್ಲ, ಹೂವು ಕೂಡಲ್ಲ."

ಇಷ್ಟಕ್ಕೇ ಮುಗಿದಿದ್ದರೆ ನಷ್ಟ ಸಣ್ಣದು. ದುಡ್ಡು ಹೋಗಿದ್ದು ಆಮೇಲೆ ನಾನು ಮಾಡಿದ ಕೆಲಸದಿಂದ. ಒಂದು ತುಂಡಿಗೆ ಬೇಕಾದಷ್ಟು ಮತ್ತೆ ಆರ್ಡರ್ ಕೊಟ್ಟೆ. ಹಳೇ ಲಾಟ್ (ಒಂದೇ ಸಲ ಬಣ್ಣ ಹಾಕಿದ ಬಟ್ಟೆ) ಖಾಲಿಯಾಗಿದೆ, ಇದು ಹೊಸ ಲಾಟ್, ನೋಡಿ ಒಪ್ಪಿಗೆ ಕೊಡಿ ಅಂತ ಡಿಸ್ಟ್ರಿಬ್ಯೂಟರ್ ಚಿಕ್ಕ ತುಂಡು ತರಿಸಿಟ್ಟಿದ್ದರು. ನಾನು ಅವರ ಶೋರೂಮಿಗೇ ಹೋದೆ. ಸಂಜೆ ಹೊತ್ತು, ಮೇಲೆ ಹಳದಿ ಸ್ಪಾಟ್‌ಲೈಟ್. ಪುಸ್ತಕದ ಪಕ್ಕ ಇಟ್ಟು ನೋಡಿದೆ. ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ. ಸಹಿ ಹಾಕಿ ಬಂದೆ.

ಮನೆಯಲ್ಲಿ ಕರ್ಟನ್ ನೇತುಹಾಕಿದ್ದೂ ಕತ್ತಲಾದ ಮೇಲೆ. ಬಲ್ಬಿನ ಬೆಳಕಿನಲ್ಲಿ ಏಳೂ ಒಂದೇ ಬಣ್ಣ. ಬೆಳಿಗ್ಗೆ ಮನೆಯವರ ಫೋನ್: "ಏನಮ್ಮಾ, ಈ ಕೊನೇ ಪಟ್ಟಿ ಯಾಕೆ ಮಣ್ಣಿನ ಬಣ್ಣ ಕಾಣ್ತಿದೆ?" ಹೋಗಿ ನೋಡಿದೆ. ಆರು ಪಟ್ಟಿ ಹಸಿರು. ಏಳನೆಯದರಲ್ಲಿ ಕಂದು ಎದ್ದು ಕಾಣುತ್ತಿತ್ತು. ಹೂವು ಕೂಡಿದ ಹೊಲಿಗೆಯ ಉದ್ದಕ್ಕೂ, ಎಲೆಯ ಅರ್ಧ ಒಂದು ಬಣ್ಣ, ಇನ್ನರ್ಧ ಇನ್ನೊಂದು.

ಯಾಕೆ ಹೀಗಾಗುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳಿ. ನೂಲಿಗಾಗಲಿ ಬಟ್ಟೆಗಾಗಲಿ ಬಣ್ಣ ಹಾಕುವುದು ಒಂದೊಂದು ಸಲಕ್ಕೆ ಇಂತಿಷ್ಟು ಅಂತ. ಪ್ರತಿ ಸಲವೂ ಕೂದಲೆಳೆಯಷ್ಟು ಫರಕು ಬರುತ್ತದೆ, ಅದಕ್ಕೇ ಲಾಟ್ ನಂಬರ್ ಇರುವುದು. ಬೇರೆ ಬೇರೆ ಬಣ್ಣಗಳನ್ನು ಬೆರೆಸಿ ಒಂದೇ ಥರದ ಹಸಿರು ತರಬಹುದು. ಅಂಥ ಎರಡು ಹಸಿರು ಒಂದು ಬೆಳಕಿನಲ್ಲಿ ತದ್ರೂಪ ಕಾಣುತ್ತವೆ, ಇನ್ನೊಂದರಲ್ಲಿ ಬೇರೆಯಾಗುತ್ತವೆ. ಹಳದಿ ಸ್ಪಾಟ್‌ಲೈಟ್‌ನಲ್ಲಿ ನೀಲಿ ಅಂಶ ಕಡಿಮೆ, ಹಗಲಿನ ಬೆಳಕಿನಲ್ಲಿ ಜಾಸ್ತಿ. ನಾನು ಹೊಸ ತುಂಡನ್ನು ತಪ್ಪು ಬೆಳಕಿನಲ್ಲಿ ನೋಡಿದೆ. ಅದೂ ಪುಸ್ತಕದ ಪಕ್ಕದಲ್ಲಿ, ಹೊಲಿದಿಟ್ಟ ಬಟ್ಟೆಯ ಪಕ್ಕದಲ್ಲಲ್ಲ. ಆ ತುಂಡನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿ ಬೆಳಿಗ್ಗೆ ಆ ಕಿಟಕಿಯಲ್ಲಿ ಹಿಡಿದಿದ್ದರೆ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಕತ್ತರಿಸಿ ತರಿಸಿದ ಬಟ್ಟೆಯನ್ನು ಯಾರೂ ವಾಪಸ್ ತಗೊಳ್ಳುವುದಿಲ್ಲ. ಪೂರ್ತಿ 23 ಮೀಟರ್ ಒಂದೇ ಲಾಟ್‌ನಲ್ಲಿ ಮತ್ತೆ ತರಿಸಿದೆ, ನನ್ನ ದುಡ್ಡಿನಲ್ಲಿ. ಆ ಮನೆಯಲ್ಲಿ ದುಡಿದದ್ದೆಲ್ಲ ಅದಕ್ಕೇ ಹೋಯಿತು.

ಹಾಗಾಗಿ ಯಾವ ಬ್ರ್ಯಾಂಡ್ ಅನ್ನುವ ಪ್ರಶ್ನೆಯನ್ನೇ ಬಿಡಿ. ಆ ಮನೆಗೆ ಬಿಸಿಲು ಎಲ್ಲಿಂದ ಬರುತ್ತದೆ, ಗಾಳಿಯಲ್ಲಿ ಏನಿದೆ, ಸೋಫಾ ಮೇಲೆ ಯಾರು ಕೂರುತ್ತಾರೆ, ಇದನ್ನು ಮೊದಲು ನೋಡಿ. ಮಂಗಳೂರಿನ ಸಮುದ್ರ ಅಂದರೆ ಪಶ್ಚಿಮ. ಮಧ್ಯಾಹ್ನದಿಂದ ಸಂಜೆವರೆಗೂ ನೇರ ಬಿಸಿಲು. ಆ ಕಿಟಕಿಗೆ ರೇಷ್ಮೆ ಹಾಕಬೇಡಿ, ಕ್ಲೈಂಟ್ ಎಷ್ಟೇ ಕೇಳಲಿ. ಬಿಸಿಲಿನ ಅತಿನೇರಳೆ ಕಿರಣ ರೇಷ್ಮೆಯ ಎಳೆಯನ್ನೇ ತಿನ್ನುತ್ತದೆ. ಮೊದಲು ಬಣ್ಣ ಹೋಗುತ್ತದೆ, ಆಮೇಲೆ ನೆರಿಗೆಯ ಅಂಚಿನಲ್ಲಿ ಬಟ್ಟೆ ಪಿಸಿಯುತ್ತದೆ. ಹಿಂದೆ ಲೈನಿಂಗ್, ನಡುವೆ ಇನ್ನೊಂದು ಪದರವಾಗಿ ಇಂಟರ್‌ಲೈನಿಂಗ್ ಎರಡೂ ಹಾಕಿದರೆ ಇನ್ನಷ್ಟು ಕಾಲ ಬಾಳುತ್ತದೆ, ಅಷ್ಟೇ. ವಿಸ್ಕೋಸ್ (ಮರದ ತಿರುಳಿನಿಂದ ಮಾಡಿದ ಎಳೆ) ವೆಲ್ವೆಟ್ ಕೂಡ ನಿಮ್ಮ ಊರಿಗೆ ಬೇಡ. ನೋಡೋಕೆ ರೇಷ್ಮೆಯಂತೆಯೇ ಇರುತ್ತದೆ, ಆದರೆ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ನೀರು ಬಿದ್ದ ಜಾಗದಲ್ಲಿ ಕಲೆ ನಿಲ್ಲುತ್ತದೆ. ಆ ಕಿಟಕಿಗೆ ನಾನಾದರೆ ಎಳೆ ತಯಾರಿಸುವಾಗಲೇ ಬಣ್ಣ ಸೇರಿಸಿದ ಅಕ್ರಿಲಿಕ್ ಬಟ್ಟೆ ನೋಡುತ್ತೇನೆ. ಈಗ ಅದು ಲಿನನ್ ಥರವೇ ಬರುತ್ತದೆ. ರೇಷ್ಮೆ ಬೇಕೇ ಬೇಕು ಅಂದರೆ ಒಳಗಿನ ಬೆಡ್‌ರೂಮಿನಲ್ಲಿ ಮಂಚದ ತಲೆಭಾಗಕ್ಕೆ, ಕುಶನ್‌ಗೆ ಹಾಕಿ.

ಎಲ್ಲಿಂದ ತರಿಸುತ್ತಾರೆ ಅನ್ನುವುದರಲ್ಲಿ ಗುಟ್ಟೇನಿಲ್ಲ. ವಿದೇಶಿ ಕಂಪನಿಗಳಿಗೆ ಇಲ್ಲಿ ಡಿಸ್ಟ್ರಿಬ್ಯೂಟರ್‌ಗಳಿದ್ದಾರೆ. ಡಿಸೈನರ್ ಅಂತ ಖಾತೆ ಮಾಡಿಕೊಂಡರೆ ರಿಯಾಯಿತಿ, ಸ್ಯಾಂಪಲ್ ಎರಡೂ ಕೊಡುತ್ತಾರೆ. ಸ್ಟಾಕ್ ಹೊರದೇಶದಲ್ಲಿದ್ದರೆ ಬಟ್ಟೆ ಬರೋಕೆ ವಾರಗಟ್ಟಲೆ ಬೇಕು, ಅದನ್ನು ಕ್ಲೈಂಟ್‌ಗೆ ಮೊದಲೇ ಹೇಳಿ.

ಆದರೆ ಇಂಪೋರ್ಟೆಡ್ ಅಂದರೇ ಲಕ್ಷುರಿ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ದೊಡ್ಡಬಳ್ಳಾಪುರದಲ್ಲೇ ಹಿಮತ್‌ಸಿಂಗ್ಕಾ ಸೀಡೆ ಕಂಪನಿ ಕರ್ಟನ್, ಸೋಫಾ ರೇಷ್ಮೆ ನೇಯ್ದು ಹೊರದೇಶಗಳಿಗೆ ಕಳಿಸುತ್ತಾ ಬಂದಿದೆ. 1985ರಲ್ಲಿ ಶುರುವಾದ ಕಂಪನಿ ಅದು. ಬೆಂಗಳೂರಿಗೆ ಹತ್ತಿರದ ರಾಮನಗರದಲ್ಲಿ ಅಷ್ಟು ದೊಡ್ಡ ರೇಷ್ಮೆ ಗೂಡಿನ ಮಾರುಕಟ್ಟೆ ಇದೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡಿನ ನೂಲಿನಿಂದ ಬರುವ ಡ್ಯುಪಿಯಾನ್ ಬಟ್ಟೆಯಲ್ಲಿ ಅಲ್ಲಲ್ಲಿ ಗಂಟು, ದಪ್ಪ ಎಳೆ ಕಾಣುತ್ತದಲ್ಲ, ಅದು ದೋಷ ಅಲ್ಲ. ಅದೇ ಅದರ ಚೆಂದ.

ರೇಷ್ಮೆ ಅಂತ ಪಾಲಿಯೆಸ್ಟರ್ ಕೊಡುವವರೂ ಇದ್ದಾರೆ. ಕೇಂದ್ರ ರೇಷ್ಮೆ ಮಂಡಳಿ ತಂದ ಸಿಲ್ಕ್ ಮಾರ್ಕ್ ಇದೆಯಾ ನೋಡಿ. ಇಲ್ಲದಿದ್ದರೆ ಹಾಸಿನಿಂದ (ಉದ್ದದ ನೂಲು) ಒಂದು, ಹೊಕ್ಕಿನಿಂದ (ಅಡ್ಡ ನೂಲು) ಒಂದು ಎಳೆ ತೆಗೆದು ಬೇರೆ ಬೇರೆಯಾಗಿ ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಎಳೆ ಯಾಕೆ ಅಂದರೆ ಹಾಸು ಮಾತ್ರ ರೇಷ್ಮೆ, ಹೊಕ್ಕು ಬೇರೆ ಇರುವ ಬಟ್ಟೆಯೂ ಬರುತ್ತದೆ.

ಸೋಫಾಗೆ ಮಾರ್ಟಿನ್‌ಡೇಲ್ ಸಂಖ್ಯೆ ಕೇಳಿ, ಅಂದರೆ ಎಷ್ಟು ಸಲ ಉಜ್ಜಿದರೆ ಬಟ್ಟೆ ಸವೆಯುತ್ತದೆ ಅಂತ. ದಿನಾ ಕೂರುವ ಸೋಫಾ ಆದರೆ ನಾನು 25,000ಕ್ಕಿಂತ ಕೆಳಗೆ ಇಳಿಯುವುದಿಲ್ಲ. ವೆಲ್ವೆಟ್ ಆದರೆ ಅದರ ನವಿರು, ಅಂದರೆ ಮೇಲಿನ ಸಣ್ಣ ಕೂದಲು, ಎಲ್ಲಾ ತುಂಡಿನಲ್ಲೂ ಒಂದೇ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ಒಂದೇ ಸೋಫಾ ಎರಡು ಬಣ್ಣ ಕಾಣುತ್ತದೆ.

ಕೊನೆಗೆ ಆರ್ಡರ್ ವಿಷಯ. ಅಂಗೈಯಗಲದ ಸ್ಯಾಂಪಲ್ ಸಾಲದು. ಒಂದು ಮೀಟರ್ ದುಡ್ಡು ಕೊಟ್ಟಾದರೂ ತಗೊಂಡು ಆ ಫ್ಲಾಟ್‌ನಲ್ಲೇ ನೇತುಹಾಕಿ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಕರ್ಟನ್ ಟೇಲರ್‌ನನ್ನು ಆರ್ಡರ್‌ಗೆ ಮೊದಲೇ ಕರೆದು ರಿಪೀಟ್ ಸಮೇತ ಅವರಿಂದಲೇ ಲೆಕ್ಕ ಹಾಕಿಸಿ. ಬೇಕಾದ್ದಕ್ಕಿಂತ ಒಂದೆರಡು ಮೀಟರ್ ಜಾಸ್ತಿ, ಎಲ್ಲಾ ಒಂದೇ ಲಾಟ್ ಅಂತ ಬಿಲ್ಲಿನಲ್ಲಿ ಬರೆಸಿ. ಲಾಟ್ ತುಂಡಿಗೆ ಕ್ಲೈಂಟ್ ಸಹಿಯನ್ನೂ ತಗೊಳ್ಳಿ, ಹಗಲು ಹೊತ್ತಿನಲ್ಲಿ, ಅವರ ಕಿಟಕಿಯ ಮುಂದೆಯೇ.